ಅಕ್ಕನ ಕಟ್ಟಿಗೆಯ ವಿಮಾನ

ಆ ವರ್ಷ ನಮ್ಮ ಮನೆಯಲ್ಲಿ ಎರಡು ಬೆಳೆಯುತ್ತಿದ್ದವು. ಒಂದು ಅಕ್ಕನ ಹೊಟ್ಟೆ, ಇನ್ನೊಂದು ಅಕ್ಕನ ವಿಮಾನ. ಹೊಟ್ಟೆ ತನ್ನ ಪಾಡಿಗೆ ತಾನು ಬೆಳೆಯಿತು. ವಿಮಾನಕ್ಕೆ ಮಾತ್ರ ಮನೆಮಂದಿಯೆಲ್ಲ ಬೆವರು ಸುರಿಸಬೇಕಾಯಿತು, ಅದರಲ್ಲೂ ನಾನು.

ಯುದ್ಧದ ಕಾಲ ಅದು. ಅಪ್ಪ ಪುಣೆಯ ಕ್ಯಾಂಪಿನಲ್ಲಿ ಮಿಲಿಟರಿ ಲೆಕ್ಕಪತ್ರದ ಕಚೇರಿಯ ಕಾರಕೂನ. ನಾವು ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯ ಮಹಡಿಯ ಮೇಲೆ ಇದ್ದೆವು. ಒಳಗೆ ಧಾರವಾಡದ ಮಾತು, ಹೊಸ್ತಿಲು ದಾಟಿದರೆ ಮರಾಠಿ. ಅಕ್ಕನನ್ನು ವಿಜಾಪುರದ ಕಡೆ ಕೊಟ್ಟಿದ್ದರು. ಭಾವನಿಗೆ ತಂದೆತಾಯಿ ಇರಲಿಲ್ಲ, ದೊಡ್ಡಪ್ಪ ಸಾಕಿ ಓದಿಸಿದ್ದರು. ಓದಿ ಮುಗಿದದ್ದೇ ಭಾವ ಯಾರ ಮಾತೂ ಕೇಳದೆ ವಿಮಾನದಳ ಸೇರಿದರು. ಅವರದು ಇಬ್ಬರು ಕೂರುವ, ಬಾಂಬು ಹಾಕುವ ವಿಮಾನ. ಮುಂದೆ ಕೂತವನು ಹಾರಿಸುತ್ತಾನೆ, ಹಿಂದೆ ಕೂತವನು ಬಂದೂಕು ಹಿಡಿದು ಕಾಯುತ್ತಾನೆ. ಭಾವ ಹಿಂದೆ ಕೂರುವವರು. ಅವರು ದಳದಲ್ಲಿದ್ದಷ್ಟು ಕಾಲ ಅಕ್ಕ ನಮ್ಮ ಮನೆಯಲ್ಲೇ.

ಬರ್ಮಾದ ಕಡೆಗೆ ಹೋಗುವ ಮುಂಚೆ ಬೇಸಿಗೆಯಲ್ಲಿ ರಜೆ ಸಿಕ್ಕಿ ಬಂದರು. ಹೆಂಡತಿಗೆ ಒಂದು ಸೀರೆ ತರಬಾರದೇ? ತಂದದ್ದು ರಟ್ಟಿನ ಪೆಟ್ಟಿಗೆ! ಯಾವನೋ ಗೋರಾ ಸಾರ್ಜೆಂಟ್ ತನ್ನ ಊರಿಗೆ ಹೋಗುವಾಗ ಕೊಟ್ಟುಹೋದದ್ದಂತೆ. ಮುಚ್ಚಳ ತೆಗೆದರೆ ಒಳಗೆ ಒರಟಾದ ಒಂದು ಉದ್ದನೆಯ ಕಟ್ಟಿಗೆ ತುಂಡು, ಪೆನ್ಸಿಲಿನ ಗೆರೆ ಎಳೆದ ತೆಳು ಹಲಗೆಗಳು, ಮಡಚಿ ಇಟ್ಟ ದೊಡ್ಡ ನಕಾಶೆ, ಗಾಜಿನಂಥ ಒಂದು ಚೂರು ಹಾಳೆ, ನೀರಲ್ಲಿ ನೆನೆಸಿ ಅಂಟಿಸುವ ಬಣ್ಣದ ಗುಂಡು ಚಿತ್ರಗಳು, ಬಿಸಿಲಿಗೆ ಕಲ್ಲಾಗಿಹೋದ ಅಂಟಿನ ಒಂದು ಟ್ಯೂಬು.

"ನಾವು ಹಾರಸೂ ವಿಮಾನದ್ದೇ ಮಾದರಿ ಇದು. ನಿನಗ ಹೊತ್ತು ಹೋಗ್ತದ" ಎಂದರು ಅಕ್ಕನಿಗೆ. ಹೊರಡುವ ದಿನ ಟಾಂಗಾದಲ್ಲಿ ಕೂತ ಮೇಲೆ, ಅಕ್ಕ ಕಣ್ಣು ಒರೆಸಿಕೊಳ್ಳುವುದು ಕಂಡು, "ಅಳಬ್ಯಾಡ. ನೀ ಅದನ್ನ ಮುಗಸೂದ್ರೊಳಗ ನಾ ಬಂದಿರ್ತೀನಿ" ಅಂದರು.

ಗಂಡಸರು ಹೀಗೆ ಬಾಯಿಗೆ ಬಂದ ಒಂದು ಮಾತು ಅಂದು ಟಾಂಗಾ ಹೊಡೆಸಿಕೊಂಡು ಹೋಗಿಬಿಡುತ್ತಾರೆ. ಆ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಯಲ್ಲಿ ಕೂರುವವರ ಗತಿ ಅವರಿಗೇನು ಗೊತ್ತು! ಅಕ್ಕ ಅದನ್ನು ಅಕ್ಷರಶಃ ನಂಬಿದಳು. ಬೇಗ ಮುಗಿಸಿದರೆ ಬೇಗ ಬರುತ್ತಾರೆ ಎಂದು ಅವಳ ಲೆಕ್ಕ. ನನಗೋ ಬೇರೆ ಚಿಂತೆ. ವಿಮಾನ ಮುಗಿದು ನಿಂತಿತು, ಭಾವ ಬರಲಿಲ್ಲ ಅಂತಾದರೆ? ಆಮೇಲೆ ಅಕ್ಕನನ್ನು ಹಿಡಿಯುವವರು ಯಾರು? ಅವ್ವನಿಗೂ ಇದೇ ಚಿಂತೆ ಇತ್ತು ಅನ್ನುವುದು ನನಗೆ ಆಮೇಲೆ ತಿಳಿಯಿತು.

ಬಸುರಿ ಚಾಕು ಹಿಡಿಯಬಾರದು ಎಂದು ಅವ್ವನ ಕಟ್ಟಪ್ಪಣೆ. ಹೀಗಾಗಿ ಕೆತ್ತುವ ಕೆಲಸ ನನ್ನ ಕೊರಳಿಗೆ ಬಿತ್ತು, ಮರಳುಕಾಗದದಿಂದ ಉಜ್ಜುವುದು ಅಕ್ಕನ ಪಾಲಿಗೆ. ಮಧ್ಯಾಹ್ನ ಊಟವಾಗಿ, ಕೆಳಗಿನ ಅಂಗಳದ ನಲ್ಲಿ ನಿಂತು, ವಾಡೆಯೆಲ್ಲ ಮಲಗಿದಾಗ ನಾವಿಬ್ಬರೂ ಪಡಸಾಲೆಯ ಕಿಟಕಿಯ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದೆವು. ಸಂಜೆ ಕಚೇರಿಯಿಂದ ಬಂದ ಅಪ್ಪ ಚಪ್ಪಲಿ ಬಿಡುತ್ತ, "ಏನ್ರವಾ, ಸರ್ಕಾರದ ಕಾರಖಾನಿ ನಮ್ಮ ಮನ್ಯಾಗ ಸುರು ಆಗೇದಲ್ಲ! ನನಗೂ ಇಲ್ಲೇ ಬದಲಿ ಹಾಕಿಸಿ ಕೊಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದ.

ಆ ಮಧ್ಯಾಹ್ನಗಳು ಈಗಲೂ ನನ್ನ ಕಣ್ಣೊಳಗೆ ಇವೆ. ಕಿಟಕಿಯ ಸರಳುಗಳ ನಡುವೆ ಬಿಸಿಲು ಬೀಳುತ್ತಿತ್ತು. ಅಕ್ಕ ಉಜ್ಜಿದಂತೆ ಕಟ್ಟಿಗೆಯ ಹುಡಿ ಎದ್ದು ಆ ಬಿಸಿಲಲ್ಲಿ ತೇಲುತ್ತ, ಕೆಳಗೆ ಬೀಳಲೋ ಬೇಡವೋ ಎಂದು ಅಲ್ಲೇ ನಿಲ್ಲುತ್ತಿತ್ತು. ಸರ್ ಸರ್ ಎಂಬ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಕ್ಕ ಕಣ್ಣು ಮುಚ್ಚಿ, ಕಟ್ಟಿಗೆಯ ಬೆನ್ನ ಮೇಲೆ ಬೆರಳಾಡಿಸಿ, ಎಲ್ಲಿ ಒರಟು ಉಳಿದಿದೆ ಎಂದು ಹುಡುಕುತ್ತಿದ್ದಳು. ಒಮ್ಮೊಮ್ಮೆ ಹಾಗೇ ನಿದ್ದೆ ಹೋಗುತ್ತಿದ್ದಳು, ಕೈ ಮಾತ್ರ ವಿಮಾನದ ಮೇಲೆ. ಲೋಹಗಾಂವ್ ವಿಮಾನ ನೆಲೆಯ ಕಡೆಯಿಂದ ನಿಜವಾದ ವಿಮಾನ ಹಾರಿಬಂದರೆ ಪಾತ್ರೆಗಳು ಕಟಕಟ ನಡುಗುತ್ತಿದ್ದವು. ಅಕ್ಕ ತಟ್ಟನೆ ಎಚ್ಚರಾಗಿ, ಭಾರದ ಮೈ ಎತ್ತಿಕೊಂಡು ಕಿಟಕಿಗೆ ಓಡಿ, "ನೋಡು, ಹೊಟ್ಟಿ ಹಿಂಗ ಗುಂಡಗ ಇರ್ತದ. ನೀ ಭಾಳ ಚಪ್ಪಟಿ ಮಾಡೀ" ಎಂದು ನನ್ನನ್ನೇ ಬೈಯುತ್ತಿದ್ದಳು.

ಕಟ್ಟಿಗೆ ಒಳಗೆಲ್ಲ ಗಟ್ಟಿ. ನಕಾಶೆಯ ಪ್ರಕಾರ ಕೂರುವ ಜಾಗಕ್ಕೆ ಬರೀ ಕಪ್ಪು ಬಣ್ಣ ಬಳಿದರೆ ಸಾಕು. ಅಕ್ಕ ಕೇಳಬೇಕಲ್ಲ!

"ಕಟ್ಟಿಗಿ ಮ್ಯಾಲೆ ಕೂಡ್ತಾರೇನು ಅವರು? ತಗ್ಗು ಮಾಡು."

ಚಾಕುವಿನ ತುದಿಯಿಂದ ಕೊರೆದು ಕೊರೆದು ನನ್ನ ಬೆರಳಲ್ಲಿ ಬೊಬ್ಬೆ ಎದ್ದವು. ಕೊನೆಗೆ ಹಿಂದಿನ ಆಸನಕ್ಕೆ ಒಂದು ಹುಣಸೆ ಬೀಜ ಹಿಡಿಯುವಷ್ಟು ತಗ್ಗಾಯಿತು. ಅಕ್ಕ ದೇವರ ಬತ್ತಿ ಹೊಸೆಯುವ ಹತ್ತಿಯಿಂದ ಎಳೆ ತೆಗೆದು ಅದರಲ್ಲಿ ಹಾಸಿದಳು.

"ಅವರು ಹಿಂದಕ್ಕ ಮುಖಾ ಮಾಡಿ ಕೂಡ್ತಾರಂತ, ಗೊತ್ತದೇನು ನಿನಗ? ಎಲ್ಲಿಗೆ ಹೋಗ್ತಾರ ಅದು ಕಾಣೂದಿಲ್ಲ. ಬಿಟ್ಟು ಬಂದದ್ದಷ್ಟೇ ಕಾಣತಿರ್ತದ" ಎಂದಳು. ಹತ್ತಿಯನ್ನು ಬೆರಳಿನಿಂದ ಒತ್ತುತ್ತ, "ಅಂದ್ರ ನಮ್ಮ ಕಡೇನ ನೋಡ್ತಿರ್ತಾರ" ಎಂದಳು. ನನ್ನ ನಾಲಿಗೆ ಉದ್ದ ಎಂದು ವಾಡೆಗೆಲ್ಲ ಗೊತ್ತಿತ್ತು, ಆದರೆ ಆವತ್ತು ನಾನು ಬಿದ್ದ ಹುಡಿಯನ್ನಷ್ಟೇ ಬಳಿದು ತೆಗೆದೆ.

ರೆಕ್ಕೆ ಕೂರಿಸುವ ಹೊತ್ತಿಗೆ ಅಂಟಿನ ಪಂಚಾಯಿತಿ ಸುರುವಾಯಿತು. ಬಡಗಿಗಳ ಸರಸು ತಂದು ಕುದಿಸಿದರೆ ಕಬ್ಬಿಣದಂತೆ ಹಿಡಿಯುತ್ತದೆ ಎಂದ ಅಪ್ಪ. ಅದು ದನದ ಎಲುಬು, ಚರ್ಮ ಬೇಯಿಸಿ ಮಾಡಿದ್ದು ಎನ್ನುವುದು ಅವ್ವನಿಗೆ ಗೊತ್ತಿತ್ತು.

"ಅಲ್ರೀ, ದೇವರ ಮನಿ ಗ್ವಾಡಿಗೆ ಹತ್ತಿ ಎಲವು ಕುದಸ್ತೀರೇನು? ನನ್ನ ಒಲಿ ಮುಟ್ಟಿ ನೋಡ್ರಿ, ಆಮ್ಯಾಲೆ ಹೇಳ್ತೀನಿ!"

ಅವ್ವ ಅಡುಗೆ ಮನೆಯ ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿದಳು. ಅಕ್ಕನ ಬಾಣಂತನಕ್ಕೆ ಅಂಟಿನುಂಡೆ ಕಟ್ಟಲು ಈಗಲೇ ತರಿಸಿಟ್ಟ ಜಾಲಿ ಅಂಟು, ಸಕ್ಕರೆ ಹರಳಿನಂಥ ತುಣುಕುಗಳು. "ಇದು ಶುದ್ಧ ವಸ್ತು. ಮಡೀಲೇ ಮುಟ್ಟಬಹುದು. ನೆನಿಹಾಕಿ ಹಚ್ಚರಿ" ಎಂದಳು. ತುಪ್ಪದಲ್ಲಿ ಅರಳಿ ಬಾಣಂತಿಯ ಸೊಂಟಕ್ಕೆ ಬಲ ಕೊಡಬೇಕಾದ ಅಂಟು, ಬಾಂಬಿನ ವಿಮಾನದ ರೆಕ್ಕೆಗೆ ಹೋಯಿತು. ಇಂಥ ವಿಮಾನ ಇಂಗ್ಲಂಡಿನವರು ಕನಸಲ್ಲೂ ಕಟ್ಟಿರಲಿಕ್ಕಿಲ್ಲ.

ಆಷಾಢದ ಮಳೆ ಹಿಡಿಯಿತು. ಪುಣೆಯ ಮಳೆ ಜೋರಲ್ಲ, ಆದರೆ ಹಗಲೂ ರಾತ್ರಿ ಪಿಸುಗುಡುತ್ತ ಗೋಡೆ, ಹಾಸಿಗೆ, ಉಪ್ಪು ಎಲ್ಲವನ್ನೂ ತೇವ ಮಾಡುತ್ತದೆ. ಸಂಜೆ ನೆಟ್ಟಗೆ ಹಚ್ಚಿಟ್ಟ ರೆಕ್ಕೆ ಬೆಳಿಗ್ಗೆ ನೋಡಿದರೆ ಜೋತುಬಿದ್ದಿರುತ್ತಿತ್ತು. ಮೇಲೆ ಇರುವೆಗಳ ಸಾಲು ಬೇರೆ. ಅಕ್ಕ ಮೊದಲ ದಿನ ಅತ್ತಳು. ಮತ್ತೆ ಹಚ್ಚಿದೆವು, ಮತ್ತೆ ಜೋತಿತು. ಹೀಗೇ ಶ್ರಾವಣ ಬಂತು. ಕೆಳಗಿನ ಮನೆಯ ಮರಾಠಿ ಕಾಕೂ ದಿನಾ ಮೆಟ್ಟಿಲಲ್ಲಿ ತಡೆದು, "ಕಾಯ್ ಗ, ವಿಮಾನ ಝಾಲ ಕಾ?" ಎಂದು ಕೇಳಿ ನನ್ನ ಪಿತ್ತ ನೆತ್ತಿಗೇರಿಸುತ್ತಿದ್ದಳು. ಆಯಿತೇನು ಅಂತೆ! ಆಗಿದ್ದರೆ ಕರೆದು ತೋರಿಸುತ್ತಿರಲಿಲ್ಲವೇ?

ಕೊನೆಗೆ ತಡೆಯಲಾರದೆ ಅವ್ವನ ಮೇಲೆ ಹರಿಹಾಯ್ದೆ. "ಎಂಥಾ ಅಂಟು ಕೊಟ್ಟೀ ನೀ? ಒಂದು ದಿನಾ ಹಿಡಿಯೂದಿಲ್ಲ."

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಮೆಲ್ಲಗೆ ಹೇಳಿದಳು: "ಮಳಿಗಾಲದಾಗ ಅದು ಹಿಡಿಯೂದಿಲ್ಲಂತ ನನಗ ಗೊತ್ತಿಲ್ಲೇನು? ಮುಗೀದಿದ್ರ ಇಲ್ಲ, ಬಿಡು. ಅಷ್ಟು ದಿನಾ ಆಕಿ ನಕ್ಕೋತ ಇರ್ತಾಳಲ್ಲ."

ಆವತ್ತಿನಿಂದ ಅವ್ವನನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ನಿಜಕ್ಕೂ ಅಕ್ಕ ನಗುತ್ತಿದ್ದಳು. ರೆಕ್ಕೆ ಜೋತ ಬೆಳಿಗ್ಗೆ ಅವಳ ಮುಖದಲ್ಲಿ ಈಗ ಸಿಟ್ಟಿರಲಿಲ್ಲ. ಇನ್ನೂ ಟೈಮ್ ಅದ, ಎನ್ನುವಂತೆ ಅಂಟು ನೆನೆಹಾಕುತ್ತಿದ್ದಳು. ಭಾವನ ಕಾಗದಗಳೂ ಬರುತ್ತಿದ್ದವು, ಎರಡೇ ಸಾಲು, ಉಳಿದದ್ದಕ್ಕೆಲ್ಲ ಸೆನ್ಸಾರಿನವರು ಮಸಿ ಬಳಿದು.

ಬಣ್ಣದ ಗುಂಡು ಚಿತ್ರ ಅಂಟಿಸುವಾಗ ಮತ್ತೊಂದು ಜಗಳ. ನೀಲಿ ವರ್ತುಲ, ನಡುವೆ ಬಿಳಿ, ಅದರ ನಡುವೆ ಕೆಂಪು ಬೊಟ್ಟು. ಬರ್ಮಾದ ಕಡೆ ಆ ಕೆಂಪನ್ನು ಅಳಿಸಿಬಿಡುತ್ತಾರೆ, ಇಲ್ಲದಿದ್ದರೆ ಜಪಾನಿಯರ ಕೆಂಪು ಸೂರ್ಯ ಎಂದು ತಿಳಿದು ನಮ್ಮವರೇ ಗುಂಡು ಹೊಡೆದಾರು ಎಂದು ಭಾವ ಹೇಳಿಹೋಗಿದ್ದರು. ಅಕ್ಕ ಬಿಳಿ ಬಣ್ಣ ಕಲಸಿದಳು. ಅವ್ವ ಓಡಿ ಬಂದು ಬಟ್ಟಲು ಕಸಿದುಕೊಂಡಳು.

"ಮುತ್ತೈದಿ ಆಗಿ ನಿನ್ನ ಕೈಯಾರೆ ಕೆಂಪು ಅಳಸ್ತೀ? ಬುದ್ಧಿ ಎಲ್ಲಿ ಇಟ್ಟೀ?"

"ಅವ್ವಾ, ಕೆಂಪು ಇದ್ರ ಹೊಡದು ಕೆಡವ್ತಾರ!"

"ಯಾರು ಹೊಡೀತಾರ? ನನ್ನ ಪಡಸಾಲ್ಯಾಗ ಜಪಾನ್ಯಾರು ಬಂದಾರೇನು?"

ಅವ್ವನ ಎದುರು ಯಾರ ಆಟ ನಡೆದೀತು? ನಮ್ಮ ವಿಮಾನ ಹಣೆಬೊಟ್ಟು ಇಟ್ಟುಕೊಂಡೇ ಉಳಿಯಿತು. ಇಡೀ ಬರ್ಮಾದ ಯುದ್ಧದಲ್ಲಿ ಕುಂಕುಮ ಇಟ್ಟ ವಿಮಾನ ಅದೊಂದೇ ಇದ್ದಿರಬೇಕು. ಅಕ್ಕ, ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು, ಕೊನೆಗೆ ಅವ್ವನೂ ನಕ್ಕಳು.

ನವರಾತ್ರಿ ಹೋಯಿತು. ಮೋಡ ಹರಿದು ಪುಣೆಯ ಒಣ ಬಿಸಿಲು ಬಿತ್ತು. ಗೋಡೆಗಳು ಆರಿದವು, ಹಪ್ಪಳ ಮತ್ತೆ ಗರಿಗರಿಯಾದವು. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ರೆಕ್ಕೆಗಳು ನೆಟ್ಟಗಿವೆ! ಮೆಲ್ಲಗೆ ಅಲುಗಿಸಿದೆ, ಕದಲಲಿಲ್ಲ. ಇರುವೆಯೂ ಇಲ್ಲ. ಆಸನಗಳ ಮೇಲೆ ಗಾಜಿನಂಥ ಹಾಳೆ ಕೂರಿಸಿದ್ದಾಗಿತ್ತು, ಬಣ್ಣ ಆಗಿತ್ತು. ಇನ್ನೇನೂ ಮಾಡಲು ಉಳಿದಿರಲಿಲ್ಲ. ಅಕ್ಕ ನನ್ನ ಹಿಂದೆಯೇ ಬಂದು ನಿಂತಿದ್ದಳು. ಅವಳು ವಿಮಾನವನ್ನು ಎತ್ತಿ ಗೋಡೆಯ ಗೂಡಿನಲ್ಲಿಟ್ಟು ಸ್ನಾನಕ್ಕೆ ಹೋದಳು. ಮನೆಯಲ್ಲಿ ಯಾರೂ "ಮುಗಿಯಿತು" ಅನ್ನಲಿಲ್ಲ. ಅಪ್ಪ ಕೂಡ ಚೇಷ್ಟೆ ಬಿಟ್ಟ. ಟಾಂಗಾದ ಸದ್ದಾದರೆ ಮಾತ್ರ ನಾಲ್ವರೂ ಕಿಟಕಿಯತ್ತ ತಿರುಗುತ್ತಿದ್ದೆವು.

ದೀಪಾವಳಿಗೆ ಮುಂಚೆ ತಾರು ಬಂತು. ಭಾವನ ವಿಮಾನ ಹೋದದ್ದು ಮರಳಿಲ್ಲ, ಪತ್ತೆಯಿಲ್ಲ ಎಂದು. ಅಪ್ಪ ಅದನ್ನು ಓದಿ ಹೇಳುವಾಗ ಅವನ ಧ್ವನಿ ಬೇರೆ ಯಾರದೋ ಎಂಬಂತಿತ್ತು. ಅಕ್ಕ ಅಳಲಿಲ್ಲ. ಒಂದೇ ಕಡೆ ಕೂತು ಗೂಡನ್ನು ನೋಡುತ್ತಿದ್ದಳು. ನನಗೆ ಆ ವಿಮಾನವನ್ನು ಒಲೆಗೆ ಹಾಕಬೇಕು ಅನ್ನುವಷ್ಟು ಸಿಟ್ಟು ಬಂತು.

ಕಾರ್ತಿಕದಲ್ಲಿ ವಿಜಾಪುರದಿಂದ ಭಾವನ ದೊಡ್ಡಪ್ಪ ಬಂದರು. ಕೆಟ್ಟವರಲ್ಲ ಅವರು. ಸಾಕಿದ ಮಗನಿಗಾಗಿ ಅತ್ತು ಅತ್ತು ಕಣ್ಣು ಊದಿದ್ದವು. ಚಾಪೆಯ ಮೇಲೆ ಕೂತು ಅಪ್ಪನಿಗೆ ಹೇಳಿದರು: "ಆಗಿದ್ದಾತು. ಕರ್ಮಾ ಮುಗಿಸಿಬಿಡೋಣ್ರಿ. ಅವನ ಜೀವಕ್ಕ ಶಾಂತಿ ಸಿಗಲಿ. ಸೊಸಿ ಇನ್ನ ಕುಂಕುಮಾ ಹಚಗೊಂಡು ತಿರಗೂದು ಬರೋಬ್ಬರಿ ಅಲ್ಲ."

ಅಪ್ಪ ನೆಲ ನೋಡುತ್ತ ಕೂತ. ಹಿರಿಯರ ಎದುರು ಅವನು ಎಂದೂ ತುಟಿ ಬಿಚ್ಚಿದವನಲ್ಲ. ಬಾಗಿಲ ಮರೆಯಲ್ಲಿ ನಿಂತ ಅವ್ವ ನನ್ನ ಕೈ ಹಿಸುಕುತ್ತಿದ್ದಳು, ಎಲುಬು ಮುರಿಯುವ ಹಾಗೆ.

ಆಗ ಅಕ್ಕ ಒಳಗಿನಿಂದ ಬಂದಳು. ಗೂಡಿನಿಂದ ವಿಮಾನ ತೆಗೆದುಕೊಂಡು, ತುಂಬಿದ ಹೊಟ್ಟೆಯನ್ನು ಸಾವರಿಸಿಕೊಂಡು ದೊಡ್ಡಪ್ಪನವರ ಎದುರಿಗೇ ಕೂತಳು. ಒಂದು ಕೈಯಲ್ಲಿ ವಿಮಾನದ ಮೈ ಹಿಡಿದು, ಇನ್ನೊಂದು ಕೈಯಿಂದ ರೆಕ್ಕೆ ತಿರುಚಿದಳು. ಟಕ್ಕೆಂದು ಬಿಟ್ಟುಬಂತು.

"ಇನ್ನೂ ಮುಗದಿಲ್ರಿ ಮಾವಾರ" ಎಂದಳು.

ಅವರಿಗೆ ಒಂದೂ ತಿಳಿಯಲಿಲ್ಲ. "ಏನವಾ ಇದು?" ಎಂದು ಅಪ್ಪನ ಮುಖ ನೋಡಿದರು. ಅಪ್ಪ ಎದ್ದು ನಿಂತ.

"ಮುಗದಿಲ್ಲಂತ ಹೇಳ್ಲಿಕ್ಹತ್ತ್ಯಾಳಲ್ರಿ. ತಾರಿನ್ಯಾಗ ಪತ್ತೆ ಇಲ್ಲಂತ ಅದ, ಸತ್ತಾರಂತ ಇಲ್ಲ. ಪತ್ತೆ ಇಲ್ಲದವರಿಗೆ ಹನ್ನೆರಡು ವರ್ಷ ಕಾಯಬೇಕಂತ ಶಾಸ್ತ್ರಾನ ಹೇಳ್ತದ. ನಾವು ಕಾಯ್ತೀವಿ. ಏಳ್ರಿ, ಊಟಕ್ಕ ಬರ್ರಿ."

ನನ್ನ ಅಪ್ಪ! ಸಾಹೇಬನ ಜವಾನನಿಗೂ ನಮಸ್ಕಾರ ಹೊಡೆಯುತ್ತಿದ್ದ ನನ್ನ ಅಪ್ಪ. ಅವತ್ತು ಅವನ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ.

ದೊಡ್ಡಪ್ಪನವರು ಊಟ ಮಾಡಿ ಸಂಜೆಯ ಗಾಡಿಗೆ ಹೋದರು. ಹೊರಡುವಾಗ ಅಕ್ಕನ ತಲೆಯ ಮೇಲೆ ಕೈಯಿಟ್ಟರು, ಮತ್ತೆ ಆ ಮಾತೆತ್ತಲಿಲ್ಲ. ಅವ್ವ ಅಡುಗೆ ಮನೆಯಲ್ಲಿ ಅಕ್ಕನನ್ನು ತಬ್ಬಿಕೊಂಡು ಹೋ ಎಂದು ಅತ್ತುಬಿಟ್ಟಳು. "ಬರ್ತಾರವಾ, ಬಂದೇ ಬರ್ತಾರ, ನೀ ಧೈರ್ಯಾ ಬಿಡಬ್ಯಾಡ" ಎನ್ನುತ್ತಿದ್ದಳು.

ಅಕ್ಕ ಅವಳ ಬೆನ್ನು ಸವರಿದಳು.

"ನಾ ಏನು ಹುಚ್ಚಿ ಅಲ್ಲವ್ವಾ. ಅವರು ಬರೂದಿಲ್ಲಂತ ನನಗೂ ಗೊತ್ತದ" ಎಂದಳು. "ಆದ್ರ ಮುಗಸಾವರು ನಾವಾಗೂದು ಬ್ಯಾಡ."