ಗೇಮ್ ಪೆಟ್ಟಿಗೆಗಳ ಕಂಬಳಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿಟಕಿಯ ಗಾಜಿನ ಮೇಲೆ ನೀರಿನ ಗೆರೆಗಳು ಇಳಿಯುತ್ತಿವೆ. ಕನ್ನಡಕದಂಗಡಿ ನಡೆಸುವ ಮಹಿಳೆಯೊಬ್ಬರ ಮನೆಯ ಮುಂಗೋಣೆಯಲ್ಲಿ, ಆಳೆತ್ತರದ ಗೇಮ್ ಪೆಟ್ಟಿಗೆಯೊಂದರ ಬೆನ್ನಿಗೆ ಅಂಗೈ ಒತ್ತಿ ನಿಂತಿದ್ದಾರೆ ಕಂಬಳಿ ಅಕ್ಕ. ಜ್ವರದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಎಂದು ಮೊದಲು ಬರೆದುಕೊಂಡಿದ್ದೆ. ಅದು ತಪ್ಪು. ಅವರು ಹುಡುಕುತ್ತಿರುವುದು ಬಿಸಿಯನ್ನಲ್ಲ, ಒಳಗೆ ಇನ್ನೂ ಉಳಿದಿರಬಹುದಾದ ಚಳಿಯನ್ನು.

ಕೈ ತೆಗೆಯುತ್ತಾರೆ. ಪೆಟ್ಟಿಗೆಯನ್ನು ಒಂದು ಸುತ್ತು ಬಂದು ಮತ್ತೆ ಕೈ ಇಡುತ್ತಾರೆ. ಮನೆಯೊಡತಿ ಚಹಾದ ಲೋಟ ಹಿಡಿದು ಅವರ ಹಿಂದೆಯೇ ಸುತ್ತುತ್ತಾರೆ.

"ಈಗಲಾದ್ರೂ ಹಾಕೋಣ್ವಾ ಅಕ್ಕ?"

"ಬೇಡ."

"ಒಂದೇ ನಿಮಿಷ. ಬೆಳಕು ಬರುತ್ತಾ ಅಂತ ನೋಡಿ ಆರಿಸಿಬಿಡ್ತೀನಿ."

"ನಿನ್ನ ಒಂದೇ ನಿಮಿಷ ನನಗೆ ಗೊತ್ತಿಲ್ವಾ ಮರಿ? ಚಿಕ್ಕವಳಿದ್ದಾಗ್ಲೂ ಒಂದೇ ಟೋಕನ್ ಅಂತ ಬಂದು ಕತ್ತಲಾಗೋವರೆಗೂ ನಿಲ್ತಿದ್ದೆ."

ಹಾಕಬೇಕೆಂದರೂ ಆಗುವುದಿಲ್ಲ. ಪೆಟ್ಟಿಗೆಯ ವೈರಿನ ತುದಿಯಲ್ಲಿ ಪ್ಲಗ್ ಇಲ್ಲ. ನಿನ್ನೆ ಸಂಜೆ ಪೆಟ್ಟಿಗೆ ಈ ಮನೆಗೆ ಬಂದ ಕೂಡಲೇ ಅಕ್ಕ ಸ್ಕ್ರೂ ಬಿಚ್ಚಿ ತೆಗೆದು, ತಮ್ಮ ಕೈಚೀಲಕ್ಕೆ ಹಾಕಿಕೊಂಡು ಹೋಗಿದ್ದರು. "ನಾನು ಮನುಷ್ಯರನ್ನ ನಂಬ್ತೀನಿ. ಸ್ವಿಚ್ಚಿನ ಪಕ್ಕ ನಿಂತಿರೋ ಮನುಷ್ಯರನ್ನ ಮಾತ್ರ ನಂಬಲ್ಲ," ಎನ್ನುತ್ತಾರೆ.

ನೋಡದವರಿಗಾಗಿ ಹೇಳಬೇಕು: ಟೋಕನ್ ಹಾಕಿ, ನಿಂತುಕೊಂಡು, ಹಿಡಿಕೆ ತಿರುಗಿಸಿ ಗುಂಡಿ ಒತ್ತಿ ಆಡುವ ಯಂತ್ರಗಳಿವು. ಒಳಗೆ ಹಳೆಯ ಕಾಲದ ಟಿವಿಯಂಥದೇ ಪಿಕ್ಚರ್ ಟ್ಯೂಬು, ಸುತ್ತ ಮರದ ಹೊಟ್ಟನ್ನು ಅಂಟಿಸಿ ಒತ್ತಿದ ಹಲಗೆ. ಗೇಮ್ ಹಾಲ್‌ಗಳು ಮುಚ್ಚಿದ ಮೇಲೆ ಹಲವರು ಪ್ರೀತಿಯಿಂದ ಮನೆಗೆ ತಂದುಕೊಂಡರು. ಮನೆಯಲ್ಲಿ ಜಾಗವಿಲ್ಲದೆ ಶೆಡ್ಡಿಗೂ ಮೆಟ್ಟಿಲ ಕೆಳಗಿನ ಮೂಲೆಗೂ ತಳ್ಳಿದರು. ಚಳಿಗಾಲ ಅವನ್ನು ಹುಡುಕಿಕೊಂಡು ಹೋಗುವುದು ಅಲ್ಲಿಗೇ.

"ಚಳೀಲಿ ಓಡಾಡಿ ಬಂದು ಬಿಸಿ ಚಹಾ ಬಾಯಿಗಿಟ್ರೆ ನಿಮ್ಮ ಕನ್ನಡಕಕ್ಕೆ ಏನಾಗುತ್ತೆ? ಮಂಜು ಕೂರುತ್ತಲ್ಲ, ಹಾಗೇ ಇದರ ಹೊಟ್ಟೆ ಒಳಗೂ," ಎಂದು ನನಗೆ ವಿವರಿಸುತ್ತಾರೆ. "ತಣ್ಣಗಿರೋದನ್ನ ಬೆಚ್ಚಗಿನ ಕೋಣೆಗೆ ತಂದ್ರೆ ಬೆವರುತ್ತೆ. ಕನ್ನಡಕ ಒರೆಸ್ಕೋಬಹುದು. ಇದಕ್ಕೆ ಒರೆಸೋ ಮೊದಲೇ ಕರೆಂಟ್ ಕೊಟ್ರೆ ಸುಟ್ಟುಹೋಗುತ್ತೆ. ಅದಕ್ಕೇ ಕಾಯಬೇಕು. ಕಾಯೋದಕ್ಕೆ ಯಾರಿಗೂ ಆಗಲ್ಲ. ನನಗೂ ಆಗಲ್ಲ, ಆದ್ರೆ ನನ್ನ ಕೆಲಸ ಅದು."

ಅವರಿಗೂ ಆಗುವುದಿಲ್ಲ ಎಂಬುದು ನಿಜ. ಕುಳಿತಲ್ಲಿ ಕೂರುವ ಜೀವವಲ್ಲ. ಕಾಯುತ್ತಲೇ ಬಾಗಿಲ ಸಂದಿಗೆ ಕೈಯೊಡ್ಡಿ ಗಾಳಿ ನೋಡುತ್ತಾರೆ, ಹೀಟರನ್ನು ಪೆಟ್ಟಿಗೆಯಿಂದ ದೂರ ಸರಿಸುತ್ತಾರೆ, ಫೋನಿನಲ್ಲಿ ಇನ್ನೊಂದು ಮನೆಯವರಿಗೆ ಕಿಟಕಿ ಮುಚ್ಚಲು ಹೇಳುತ್ತಾರೆ.

ಅರವತ್ತು ದಾಟಿದ ಈ ಅಕ್ಕ ಒಂದು ಕಾಲದಲ್ಲಿ ಗೇಮ್ ಹಾಲ್‌ನ ಟೋಕನ್ ಕಿಂಡಿಯ ಹಿಂದೆ ಕೂರುತ್ತಿದ್ದವರು. ಅಲ್ಲಿನ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯೊಬ್ಬರಿದ್ದರು. ಹಾಲ್ ಮುಚ್ಚಿ ಪೆಟ್ಟಿಗೆಗಳೆಲ್ಲ ಮನೆಮನೆ ಸೇರಿದ ಮೊದಲ ಚಳಿಗಾಲದಲ್ಲೇ ಒಂದೊಂದಾಗಿ ಕೆಡತೊಡಗಿದವು. ಮೇಸ್ತ್ರಿ ಮನೆಮನೆಗೆ ಹೋಗುವಾಗ ಟಾರ್ಚ್ ಹಿಡಿಯಲು ಇವರನ್ನು ಕರೆದುಕೊಂಡು ಹೋಗುತ್ತಿದ್ದರು. "ಟಾರ್ಚ್ ಹಿಡಿದವರು ಬೆಳಕು ಬಿದ್ದ ಕಡೆ ನೋಡ್ಲೇಬೇಕಲ್ಲ. ನೋಡ್ತಾ ನೋಡ್ತಾ ಬಂತು," ಎನ್ನುವುದು ಅವರು ಕೆಲಸ ಕಲಿತ ಕಥೆ. ಮೇಸ್ತ್ರಿ ತೀರಿಕೊಂಡ ಮೇಲೂ ಫೋನುಗಳು ನಿಲ್ಲಲಿಲ್ಲ. ಯಾರೂ ನೇಮಿಸದ ಕೆಲಸದಲ್ಲಿ ಯಾರೂ ಬಿಡಿಸದೆ ಉಳಿದುಕೊಂಡರು.

ಪ್ಲಾಸ್ಟಿಕ್ ಹೊದಿಕೆ ಕಂಡಲ್ಲೆಲ್ಲ ಕಿತ್ತು, ಗಾಳಿಯಾಡುವ ಹಳೆಯ ಕಂಬಳಿ ಹೊದಿಸುವುದರಿಂದ ಆ ಹೆಸರು. ಪೆಟ್ಟಿಗೆಯೊಳಗೆ ಒಂದು ಜೀರೋ ಬಲ್ಬ್ ಹಚ್ಚಿಡುತ್ತಾರೆ. ಅದರ ಇಷ್ಟೇ ಇಷ್ಟು ಶಾಖ ಸಾಕಂತೆ. ಹೊಸ ಬೂಟಿನ ಡಬ್ಬದಲ್ಲಿ ಬರುವ, ತೇವ ಹೀರುವ ಕಾಳಿನ ಪೊಟ್ಟಣಗಳನ್ನು ಬೂಟಿನಂಗಡಿಯಿಂದ ಕೇಳಿ ತರುತ್ತಾರೆ. ಕಾಳು ಒದ್ದೆಯಾದರೆ ಮನೆಗೆ ತಂದು ಬಾಣಲೆಯಲ್ಲಿ ಹುರಿದು ಒಣಗಿಸುತ್ತಾರೆ. ಅವರ ಪತಿ ನನಗೆ ಹೇಳಿದ್ದು: "ನಮ್ಮನೇಲಿ ದಿನಾ ಹುರಿಯೋ ಸದ್ದು ಕೇಳುತ್ತೆ. ಆಸೆಯಿಂದ ಅಡುಗೆಮನೆಗೆ ಹೋಗ್ತೀನಿ. ನೋಡಿದ್ರೆ ಬೂಟಿನ ಕಾಳು!"

ಚಳಿ ಏರಿದ ವಾರಗಳಲ್ಲಿ ದಿನಕ್ಕೆ ಎಷ್ಟು ಮನೆ ಎಂದು ಎರಡು ಸಲ ಕೇಳಿದೆ. ಒಮ್ಮೆ ನಾಲ್ಕೆಂದರು, ಒಮ್ಮೆ ಆರೆಂದರು. ನಾನು ಜೊತೆಗಿದ್ದ ದಿನ ಐದು. ಬಸ್ಸಿನಲ್ಲೇ ಓಡಾಟ. ಮಂಡಿ ಬಗ್ಗುವುದಿಲ್ಲ ಎಂದು ಸಣ್ಣ ಸ್ಟೂಲೊಂದನ್ನು ಚೀಲದ ಜೊತೆ ಹೊರುತ್ತಾರೆ. ಪಿಕ್ಚರ್ ಟ್ಯೂಬು ಆರಿಸಿದ ಮೇಲೂ ಕರೆಂಟು ಹಿಡಿದಿಟ್ಟುಕೊಳ್ಳುತ್ತದೆ; ಹಾಗೆ ಹೊಡೆಸಿಕೊಂಡ ಹೊಡೆತಕ್ಕೆ ಎಡಗೈಯ ಕಿರುಬೆರಳು ಈಗಲೂ ಮರಗಟ್ಟಿದೆ. "ಆಟದ ಸಾಮಾನಿಗೆ ಬಾಣಂತನ ಮಾಡ್ತಾಳೆ ಅಂತ ನಗ್ತಾರೆ ಓಣಿಯವರು. ನಗ್ಲಿ. ಅವರ ಮನೆ ಫ್ರಿಜ್ಜು ಕೆಟ್ರೂ ನನ್ನನ್ನೇ ಕರೀತಾರೆ."

ಈ ಬೆಳಗಿನ ಪೆಟ್ಟಿಗೆ ಅದೇ ಮೇಸ್ತ್ರಿಯದು. ಕನ್ನಡಕದಂಗಡಿಯವರು ಅವರ ಮಗಳು. ಸ್ಕೂಲ್ ವ್ಯಾನ್ ಓಡಿಸುವ ಮಗ ಊರಿನ ಇನ್ನೊಂದು ತುದಿಯಲ್ಲಿದ್ದಾರೆ. ಚಳಿಗಾಲ ಮಗಳ ಮನೆ, ಮಿಕ್ಕ ಕಾಲ ಮಗನ ಮನೆ ಎಂದು ತಂದೆ ಪೆಟ್ಟಿಗೆಯನ್ನು ಪಾಲು ಮಾಡಿ ಹೋದರು. ತಂದೆ ಕೊನೆಯ ದಿನಗಳಲ್ಲಿ ಯಾರ ಮನೆಯಲ್ಲಿರಬೇಕಿತ್ತು ಎಂಬ ಒಂದು ಮಾತಿಗೆ ಅಣ್ಣ ತಂಗಿ ಮಾತು ಬಿಟ್ಟಿದ್ದಾರೆ. ಈಗ ಇಬ್ಬರೂ ಒಂದೇ ಬಾಗಿಲಲ್ಲಿ ನಿಲ್ಲುವುದು ಪೆಟ್ಟಿಗೆ ಸಾಗಿಸುವ ದಿನ ಮಾತ್ರ, ವರ್ಷಕ್ಕೆ ಎರಡು ಬಾರಿ. ಈ ವರ್ಷ ಅದೂ ತಡವಾಯಿತು. ಅವಳೇ ಫೋನ್ ಮಾಡಲಿ ಎಂದು ಅವರು, ಅವನೇ ಮಾಡಲಿ ಎಂದು ಇವರು. ಅಷ್ಟರಲ್ಲಿ ಚಳಿ ಯಾರ ಫೋನಿಗೂ ಕಾಯದೆ ಬಂದುಬಿಟ್ಟಿತ್ತು.

ಅಕ್ಕ ಸ್ಟೂಲಿನ ಮೇಲೆ ಕುಳಿತು ಹಿಂಬದಿಯ ಹಲಗೆ ಬಿಚ್ಚುತ್ತಾರೆ. ಟಾರ್ಚಿನ ಬೆಳಕು ಟ್ಯೂಬಿನ ಕತ್ತು, ವೈರು, ಜೇಡನ ಬಲೆ ದಾಟಿ ತಳಕ್ಕೆ ಇಳಿಯುತ್ತದೆ. ಹೆಬ್ಬೆರಳಿಂದ ತಳದ ಮೂಲೆ ಒತ್ತುತ್ತಾರೆ. ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಹಲಗೆ ಉದುರುತ್ತದೆ. ಪಕ್ಕದ ಹಲಗೆಗಳನ್ನೂ ಒತ್ತಿ ನೋಡುತ್ತಾರೆ. ಅವೂ ಉಬ್ಬಿವೆ.

"ನಿಮ್ಮಣ್ಣನಿಗೆ ಬರೋಕೆ ಹೇಳು."

"ನೀವೇ ಹೇಳಿ ಅಕ್ಕ."

ಅಂಗಳಕ್ಕೆ ಬಂದು ಅಣ್ಣನಿಗೆ ಫೋನ್ ಮಾಡಿದ ಮೇಲೆ ಅಕ್ಕ ಅತ್ತಿಂದಿತ್ತ ನಡೆಯುತ್ತಾರೆ. ನನಗೆ ಮಾತ್ರ ಕೇಳುವಂತೆ ಹೇಳುತ್ತಾರೆ: "ಇದನ್ನ ಇನ್ನು ಎತ್ತೋ ಹಾಗಿಲ್ಲ. ಟ್ಯೂಬಿನ ಭಾರಕ್ಕೆ ತಳ ಕಳಚಿ ಬಿದ್ರೆ ಮುಗೀತು, ಅಂಥ ಟ್ಯೂಬು ಈಗ ಎಲ್ಲಿ ತರೋದು? ಇಲ್ಲೇ ಇರ್ಲಿ ಅನ್ನಬೇಕು. ಆದ್ರೆ ಪೆಟ್ಟಿಗೆ ಒಂದು ಕಡೆ ಕೂತ್ರೆ ಈ ಮಕ್ಕಳು ಶಾಶ್ವತವಾಗಿ ಎರಡು ಕಡೆ ಆಗ್ತಾರಲ್ಲ. ಆ ಮಾತು ನನ್ನ ಬಾಯಿಂದಲೇ ಬರಬೇಕಾ?"

ಮಕ್ಕಳನ್ನು ಶಾಲೆಗಿಳಿಸಿ ಅಣ್ಣ ಬರುತ್ತಾರೆ. ಚಪ್ಪಲಿ ಬಿಟ್ಟು ಹೊಸಿಲ ಮೇಲೇ ನಿಲ್ಲುತ್ತಾರೆ.

"ಏನಾಯ್ತು ಅಕ್ಕ?"

ಉತ್ತರ ತಂಗಿಯದು, ಮುಖ ಮಾತ್ರ ಅಕ್ಕನ ಕಡೆಗೆ. "ಅಪ್ಪನ ಪೆಟ್ಟಿಗೇನ ಶೆಡ್ಡಿಗೆ ಎಸೆದು ಕೊಳೆಸಿದ್ದಾರೆ ಅಂತ ಹೇಳಿ ಅಕ್ಕ."

"ಎಸೆದಿಲ್ಲ ಅಂತ ಹೇಳಿ."

"ಹಾಗಾದ್ರೆ ತಳ ಯಾಕೆ ಹೀಗಾಯ್ತು ಅಂತ ಕೇಳಿ."

"ನನಗೇನು ಗೊತ್ತು ಅಂತ ಹೇಳಿ."

"ಸಾಕು ಮಾಡ್ರೋ! ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದು ಅಕ್ಕ ಗದರುತ್ತಾರೆ. ಅಣ್ಣನ ಕಡೆ ತಿರುಗಿ, "ಶೆಡ್ಡಲ್ಲಿ ಹೇಗಿಟ್ಟಿದ್ದೆ? ಒಂದೂ ಬಿಡದೆ ಹೇಳು."

"ನೆಲ ತಣ್ಣಗಿರುತ್ತಲ್ಲ ಅಕ್ಕ, ಕೆಳಗೆ ಕಾರ್ಪೆಟ್ ಮಡಿಸಿ ಹಾಕಿದ್ದೆ. ಮೇಲೆ ದಪ್ಪ ಪ್ಲಾಸ್ಟಿಕ್ಕು. ಒಂಚೂರೂ ಗಾಳಿ ಹೋಗದ ಹಾಗೆ ಹಗ್ಗ ಬಿಗಿದಿದ್ದೆ. ಜಾಸ್ತಿ ಚಳಿ ಆದಾಗ..." ಕಾಲಬೆರಳಿಂದ ಹೊಸಿಲು ಉಜ್ಜುತ್ತಾರೆ. "ನಗಬೇಡಿ. ನನ್ನ ಸ್ವೆಟರನ್ನೂ ಒಳಗೆ ಗಾಜಿಗೆ ಸುತ್ತಿದ್ದೆ."

ತಂಗಿ ಮೊದಲ ಸಲ ತಲೆಯೆತ್ತಿ ಅವರನ್ನು ನೋಡುತ್ತಾರೆ.

"ಅಲ್ಲೇ ಆಗಿದ್ದು," ಎನ್ನುತ್ತಾರೆ ಅಕ್ಕ. "ನೆಲದ ತೇವ ಕಾರ್ಪೆಟ್ಟು ಕುಡೀತು. ಕಾರ್ಪೆಟ್ಟಿಂದ ಹಲಗೆ ಕುಡೀತು. ಆರೋಣ ಅಂದ್ರೆ ನೀನು ಉಸಿರಾಡೋಕೆ ಸಂದಿ ಬಿಟ್ಟಿಲ್ಲ. ನೋಡು ಮರಿ, ನಿಮ್ಮಣ್ಣ ಇದನ್ನ ಎಸೆದು ಮರೆತಿದ್ರೆ ಬರೀ ಧೂಳು ಕೂತಿರೋದು. ಇದು ಅಲಕ್ಷ್ಯ ಅಲ್ಲ, ಅತಿ ಮುಚ್ಚಟೆ."

ಬಡಗಿಯನ್ನು ಕರೆಸಬಹುದೇ ಎಂದು ತಂಗಿ ಕೇಳುತ್ತಾರೆ. ದನಿ ಇಳಿದಿದೆ. ಬರೀ ತಳವಾಗಿದ್ದರೆ ಬದಲಿಸಬಹುದಿತ್ತು, ಪಕ್ಕದ ಹಲಗೆಗಳಿಗೂ ತೇವ ಏರಿದೆ, ಹೊಸ ಸ್ಕ್ರೂ ಹಿಡಿಯುವುದಿಲ್ಲ ಎಂದು ಅಕ್ಕ ಬಿಡಿಸಿ ಹೇಳುತ್ತಾರೆ. "ಮೂಲೆಮೂಲೆಗೂ ಮರದ ತುಂಡು ಕೊಡ್ತೀನಿ. ನಿಂತಲ್ಲಿ ನಿಂತಿರುತ್ತೆ. ಇನ್ನು ಪ್ರಯಾಣ ಮಾಡಲ್ಲ."

ಗೆದ್ದವರ ಮುಖ ತಂಗಿಗಿಲ್ಲ.

"ಸರಿ. ಇಲ್ಲೇ ಇರ್ಲಿ ಅಂತ ಹೇಳಿ ಅಕ್ಕ," ಎಂದು ಅಣ್ಣ ಚಪ್ಪಲಿಗೆ ಕಾಲು ತೂರಿಸುತ್ತಾರೆ.

"ನಿಲ್ಲೋ. ಇನ್ನೊಂದಿದೆ."

ಅಕ್ಕ ಗುಂಡಿಗಳ ಹಲಗೆಯನ್ನು ಎತ್ತಿ ಇಬ್ಬರಿಗೂ ತೋರಿಸುತ್ತಾರೆ. ಇಬ್ಬರು ಆಡುವ ಪೆಟ್ಟಿಗೆಯಿದು. ತಂಗಿ ಯಾವಾಗಲೂ ಎಡಗಡೆ, ಅಣ್ಣ ಬಲಗಡೆ. ಪ್ರತಿ ಚಳಿಗಾಲ ತಂಗಿ ಆಡುವ ಎಡಗಡೆ ಚೊಕ್ಕವಾಗಿದೆ; ಮಾತು ಬಿಟ್ಟಾಗಿನಿಂದ ಯಾರೂ ಒತ್ತದ ಬಲಗಡೆಯ ಗುಂಡಿಗಳ ಕೆಳಗೆ ತಾಮ್ರದ ತಗಡಿನ ಪುಟ್ಟ ನಾಲಿಗೆಗಳ ಮೇಲೆ ತೆಳ್ಳಗೆ ಹಸಿರು ಕಟ್ಟಿದೆ.

"ಕಿಲುಬು. ಆಡ್ತಾ ಇದ್ರೆ ಈ ತಗಡು ಒಂದಕ್ಕೊಂದು ಉಜ್ಜಿ ತಾವೇ ಚೊಕ್ಕ ಆಗ್ತವೆ. ಆಡದೇ ಬಿಟ್ರೆ ಈ ತೇವಕ್ಕೆ ಸತ್ತೇ ಹೋಗ್ತವೆ. ವಾರಕ್ಕೊಂದು ಸಲ ಬಲಗಡೆ ಚೆನ್ನಾಗಿ ಆಡಬೇಕು."

"ನಾನೇ ಆಡ್ತೀನಿ," ಎನ್ನುತ್ತಾರೆ ತಂಗಿ.

"ನೀನಾ? ಬಲಗಡೆ ನಿಂತು ನೀನು ಒಂದು ಆಟ ಗೆದ್ದಿದ್ದನ್ನ ನಾನಂತೂ ಕಿಂಡಿಯಿಂದ ನೋಡಿಲ್ಲಮ್ಮ."

ಹೊಸಿಲ ಕಡೆಯಿಂದ ಕಿಸಕ್ಕೆಂದು ನಗುವಿನ ಸದ್ದು. ತಂಗಿ ಸರ್ರನೆ ತಿರುಗುತ್ತಾರೆ. "ಏನು ನಗ್ತೀಯಾ? ನೀನು ಎಡಗಡೆ ಎಷ್ಟು ಗೆದ್ದಿದೀಯಾ?"

ಅಕ್ಕನ ಹೆಸರು ಆ ಮಾತಿನಲ್ಲಿಲ್ಲ. ಅದನ್ನು ಎಲ್ಲರೂ ಗಮನಿಸುತ್ತಾರೆ.

"ಭಾನುವಾರ ವ್ಯಾನ್ ಇಲ್ಲ," ಎನ್ನುತ್ತಾರೆ ಅಣ್ಣ, ಗೋಡೆಗೆ ಹೇಳಿದಂತೆ.

"ಬರೋದಾದ್ರೆ ತಿಂಡಿ ತಿನ್ನದೇ ಬಾ. ಆಮೇಲೆ ಹೊಟ್ಟೆ ತುಂಬಿದೆ ಅಂತ ನಾಟಕ ಆಡಬೇಡ."

ಮಿಕ್ಕ ಮನೆಗಳನ್ನು ಸುತ್ತಿ ಸಂಜೆ ಮತ್ತೆ ಅಲ್ಲಿಗೇ ಬರುತ್ತೇವೆ. ದಾರಿಯುದ್ದಕ್ಕೂ ಅಕ್ಕನಿಗೆ ಒಂದೇ ಚಿಂತೆ. "ಟ್ಯೂಬು ಹೋಗಿದೆ ಅನ್ಸುತ್ತೆ. ಬೆಳಿಗ್ಗೆ ಹೇಳಲಿಲ್ಲ, ಧೈರ್ಯ ಬರಲಿಲ್ಲ. ಅದು ಹತ್ತದಿದ್ರೆ ಭಾನುವಾರಾನೂ ಇಲ್ಲ, ಏನೂ ಇಲ್ಲ." ಪೆಟ್ಟಿಗೆಯ ಬೆನ್ನು, ಹೊಟ್ಟೆ, ಗಾಜು ಮುಟ್ಟಿ ಮುಟ್ಟಿ ನೋಡುತ್ತಾರೆ. ಕೈಚೀಲದಿಂದ ಪ್ಲಗ್ ತೆಗೆದು ಕೂಡಿಸುತ್ತಾರೆ. ಸ್ವಿಚ್ ಒತ್ತುತ್ತಾರೆ. ಗುಂಯ್ ಎಂಬ ಸದ್ದು. ಗಾಜು ಕಪ್ಪಗೇ ಇರುತ್ತದೆ. ತಂಗಿ ಸೆರಗಿನ ತುದಿ ಹಿಂಡುತ್ತಾರೆ. ಆಮೇಲೆ ನಡುವಿನಲ್ಲೊಂದು ಬಿಳಿ ಗೆರೆ ಮೂಡಿ, ನಡುಗಿ, ಮೇಲೆ ಕೆಳಗೆ ಬಿಚ್ಚಿಕೊಳ್ಳುತ್ತದೆ. ಚಿತ್ರ ಸ್ವಲ್ಪ ಓರೆ. ಆದರೆ ಚಿತ್ರ.

"ನನ್ನ ಲೆಕ್ಕ ತಪ್ಪಿತು ನೋಡಿ," ಎನ್ನುತ್ತಾರೆ ಅಕ್ಕ. ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ಆಗಲೇ ಫೋನ್ ಬರುತ್ತದೆ. ಅಕ್ಕನಿಗಲ್ಲ, ತಂಗಿಗೆ. "ಹ್ಞೂಂ, ಹತ್ತಿತು. ಇಲ್ಲ, ಓರೆ ಇದೆ. ಓರೆ ಇರೋದು ನಿನ್ನ ಕಡೆಗೇ," ಎನ್ನುತ್ತಾ ಅವರು ಒಳಗೆ ಹೋಗುತ್ತಾರೆ.

ಬೀದಿಗೆ ಬಂದ ಮೇಲೆ ನನಗೊಂದು ಅನುಮಾನ. ಅಚ್ಚಾಗುವ ಮಾತು, ಕೇಳದೆ ಬಿಡುವಂತಿಲ್ಲ. ವಾರಕ್ಕೊಮ್ಮೆ ಆಡದಿದ್ದರೆ ಬಲಗಡೆ ಸತ್ತುಹೋಗುವುದು ನಿಜವೇ?

"ನಿಜಾನೇ. ಈ ಕೆಲಸದಲ್ಲಿ ನಾನು ಸುಳ್ಳು ಹೇಳಲ್ಲ," ಎನ್ನುತ್ತಾರೆ. ನಾಲ್ಕು ಹೆಜ್ಜೆ ನಡೆದು ಸೇರಿಸುತ್ತಾರೆ: "ನಾನು ವರ್ಷಕ್ಕೊಂದು ಸಲ ಸ್ಯಾಂಡ್ ಪೇಪರಿಂದ ಉಜ್ಜಿದ್ರೂ ಸಾಕು, ಸ್ವಲ್ಪ ಹೊತ್ತಿನ ಕೆಲಸ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ."

ಇದನ್ನು ಬರೆದರೆ ಅವರಿಬ್ಬರೂ ಓದುತ್ತಾರಲ್ಲ ಎಂದು ಹಿಂಜರಿಯುತ್ತೇನೆ. ಅಕ್ಕ ಸ್ಟೂಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಬಸ್ ನಿಲ್ದಾಣದ ಕಡೆಗೆ ಆಗಲೇ ಬೀಸುಹೆಜ್ಜೆ ಹಾಕಿದ್ದಾರೆ.

"ಬರೀರಿ. ಪತ್ರಿಕೆ ಬರೋ ಹೊತ್ತಿಗೆ ಇಬ್ಬರಿಗೂ ಕಿತ್ತಾಡೋಕೆ ಬೇರೇನಾದ್ರೂ ಸಿಕ್ಕಿರುತ್ತೆ. ಕಿತ್ತಾಡ್ಲಿ ಬಿಡಿ. ಅದಕ್ಕಾದ್ರೂ ಒಂದೇ ಕೋಣೇಲಿ ಇರಬೇಕಲ್ಲ."