ತಲೆಗೆ ತಾಗುವ ಕುಂಡ

ಹೂಕುಂಡ ತೂಗುಹಾಕುವ ನೂಲಿನ ನೆಲವು ಎಂಬ ತೂಗುಬಲೆಯನ್ನು ಕ್ರೋಶಾದಲ್ಲಿ ಹೆಣೆದು ಮಾರುವವಳು ನಾನು. ಕಳೆದ ವರ್ಷ ಕೊಂಡದ್ದು ಈಗ ಉದ್ದವಾಗಿದೆ ಎಂದು ಅಲೆವೂರಿನ ಅಕ್ಕ ಒಬ್ಬರು ಫೋನು ಮಾಡಿದರು. ನೂಲು ಜಗ್ಗಿರಬೇಕೆಂದು ಹೋಗಿ ಅಳೆದರೆ ಒಂದು ಅಂಗುಲವೂ ಹೆಚ್ಚಿರಲಿಲ್ಲ.

"ನೆಲವು ಸರಿಯೇ ಉಂಟು. ಮಗಳು ಬೆಳೆದಿದ್ದಾಳೆ ಅಲ್ವಾ, ಕುಂಡ ಅವಳ ತಲೆಗೆ ತಾಗುತ್ತದೆ" ಎಂದರು ಅಕ್ಕ. ಪಕ್ಕದ ಗೋಡೆಯಲ್ಲಿ ಅವಳ ಎತ್ತರದ ಪೆನ್ಸಿಲ್ ಗೆರೆಗಳು. ಕೊನೆಯದು ನನ್ನ ಕಿವಿಯ ಮಟ್ಟಕ್ಕಿತ್ತು.

ನಾಲ್ಕೂ ಎಳೆಗಳನ್ನು ಗಿಡ್ಡ ಮಾಡಿ ಗಂಟು ಹಾಕುತ್ತಾ ಕೇಳಿದೆ, "ಮಗಳು ಕಾಲೇಜಿಗೆ ಹೋಗಿದ್ದಾಳಾ?"

"ಇಲ್ಲ, ತೊಟ್ಟಿಲಲ್ಲಿರುವಾಗಲೇ ತೀರಿಹೋದಳು. ಈಗ ಮದುವೆಯ ಪ್ರಾಯ."

ನಮ್ಮ ಕಡೆ ಎಳವೆಯಲ್ಲಿ ಸತ್ತವರಿಗೂ ಪ್ರಾಯ ಬಂದಾಗ ಮದುವೆ ಮಾಡಿಸುವುದುಂಟು. ವರನೂ ಸತ್ತವನೇ ಆಗಬೇಕು. ಅದೆಲ್ಲ ನನಗೆ ಹೊಸತಲ್ಲ. ಆದರೆ ಆ ಗೆರೆಗಳನ್ನು ಎಳೆಯುವಾಗ ಪೆನ್ಸಿಲನ್ನು ಯಾರ ತಲೆಯ ಮೇಲೆ ಇಡುತ್ತಾರೆಂದು ಕೇಳಲು ಬಾಯಿ ಬರಲಿಲ್ಲ.

"ನಿಮ್ಮಲ್ಲಿ ಹಾಗೆ ತೀರಿಹೋದ ಹುಡುಗರು ಯಾರಾದರೂ ಇದ್ದಾರಾ?" ಎಂದು ಅಕ್ಕನೇ ಕೇಳಿದರು.

ನನ್ನ ಅಣ್ಣ ಹುಟ್ಟಿದ ವಾರದಲ್ಲೇ ತೀರಿಕೊಂಡಿದ್ದ.

ಇಲ್ಲ ಎಂದೆ. ಇದ್ದಾನೆ ಎಂದಿದ್ದರೆ, ಎತ್ತರ ಎಷ್ಟು ಎಂದು ಕೇಳುತ್ತಿದ್ದರು.