ಕುರಿಗಳು ಅಳಿಸಿದ ದಾರಿ

ಸ್ಕೂಟಿಯ ಟೈರಿನ ಗುರುತು ನಾಲ್ಕು ಬೆರಳು ಅಗಲವಿತ್ತು. ಮೆತ್ತನೆಯ ಧೂಳಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಕುರಿ ಕಾಯುವ ಸಿದ್ದಪ್ಪ ಕಾಕಾ ಅದರ ಮೇಲೆ ಕೋಲು ಊರಿ ನಿಂತಿದ್ದರು.

ಕಳೆದ ವರ್ಷದ ಚಳಿಗಾಲ. ನಾನು ಚಿಕ್ಕೋಡಿಯವಳು, ಅಥಣಿಯಲ್ಲಿ ಕೋಣೆ ಹಿಡಿದು ತೋಳಗಳ ಅಧ್ಯಯನ ಮಾಡುತ್ತಿದ್ದೆ. ಊರಾಚೆಯ ಮಡ್ಡಿಯಲ್ಲಿ, ಆ ಕುರುಚಲು ಬಯಲಿನ ಒಂದು ಬಿಲದಲ್ಲಿ, ನಾಲ್ಕು ತೋಳದ ಮರಿಗಳಿದ್ದವು. ಆ ಜಾಗವನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಹದಿನೈದು ದಿನ ಒಂದೇ ದಾರಿಯಲ್ಲಿ ಹೋಗಿ ಬಂದಿದ್ದೆ.

“ನೀ ಬಾಯಿ ಮುಚಗೊಂಡಿ ಖರೆ, ಯವ್ವಾ. ನಿನ್ನ ಗಾಡಿ ಎಲ್ಲಾ ಹೇಳೇತಿ,” ಎಂದರು ಕಾಕಾ.

ಹಿಂದಿನ ದಿನ ತೋಳ ಪಕ್ಕದ ವಸ್ತಿಯ ಮನೆಯೊಂದರ ಎರಡು ಆಡು ಹಿಡಿದಿತ್ತು. ಅಲ್ಲಿನವರು ಬಿಲ ಹುಡುಕಿ ಹೊಗೆ ಹಾಕಲು ಹೊರಟಿದ್ದರು. ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಅವರು ದೂರದಿಂದ ಬರಬೇಕಿತ್ತು. ಏನೂ ತೋಚದೆ ಜಾಲಿ ಟೊಂಗೆ ಹಿಡಿದು ಗುರುತು ಗುಡಿಸತೊಡಗಿದೆ.

ಕಾಕಾ ನಕ್ಕರು. “ಮಡ್ಡಿ ಏನ ನಿಮ್ಮನಿ ಅಂಗಳಾ? ಸರಿ ಅತ್ಲಾಗ.”

ಬಾಯಿಂದ ಸದ್ದು ಮಾಡಿ ಇಡೀ ಹಿಂಡನ್ನು ಆ ಗೆರೆಯ ಮೇಲೆ ಹಾಯಿಸಿದರು. ಬಿಲ ಇನ್ನೂ ದೂರವಿರುವಾಗಲೇ, ಧೂಳು ಮುಗಿದು ಗುರುತು ಮೂಡದ ಕಲ್ಲುನೆಲ ಶುರುವಾಗುವಲ್ಲಿ, ತಿರುಗಿಸಿ ಹಳ್ಳದ ಕಡೆ ಹೊಡೆದರು. ಧೂಳು ಇಳಿದಾಗ ಗೊರಸಿನ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ.

“ತೋಳ ಹಿಂದ ನಿಮ್ಮ ಕುರಿಮರೀನೂ ಒಯ್ದೈತಲ್ಲ, ಕಾಕಾ?” ಎಂದೆ.

“ಒಯ್ದೈತಿ. ಅವತ್ತ ಕೈಗೆ ಸಿಕ್ಕಿದ್ರ ಕೋಲಿಲೆ ಬಡೀತಿದ್ನಿ. ಆದ್ರ ಈಗಷ್ಟ ಕಣ್ಣ ಬಿಟ್ಟ ಮರಿಗೆ ಹೊಗಿ ಹಾಕೂದು ಕುರುಬನ ಕೆಲಸ ಅಲ್ಲ.”

ಸ್ವಲ್ಪ ಹೊತ್ತಿಗೆ ಎರಡು ಬೈಕಿನಲ್ಲಿ ಆ ವಸ್ತಿಯ ನಾಲ್ವರು ಬಂದರು. “ಮಾಮಾ, ಈ ಮೇಡಂ ದಿನಾ ಎಲ್ಲಿಗೆ ಹೋಗ್ತಾರ?” ಎಂದು ಒಬ್ಬ ಕೇಳಿದ.

“ನನ್ನ ಕುರಿ ನೋಡಾಕ ಬರ್ತಾಳಪಾ. ನಿನ್ನ ಮಾರಿ ನೋಡಾಕ ಬರಬೇಕಿತ್ತೇನ?”

ಉಳಿದ ಮೂವರು ನಕ್ಕರು. ಅವರು ಇಲಾಖೆಯ ಜೀಪು ಬರುವವರೆಗೂ ಹಿಂಡು ತುಳಿದ ದಾರಿ ಹಿಡಿದು ಹಳ್ಳದ ಕಡೆ ಹುಡುಕಿ ಹಿಂದಿರುಗಿದರು. ಮರಿಗಳು ಉಳಿದವು.

ಪ್ರಾಣಿಗಳ ಹೆಜ್ಜೆ ಓದಲು ವರ್ಷಗಟ್ಟಲೆ ಕಲಿತವಳು, ನನ್ನದನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಆಡು ಕಳೆದುಕೊಂಡವರ ಮನೆ ಯಾವುದೆಂದೂ ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಬಿಲದ ಕಡೆ ಹೋಗಲಿಲ್ಲ. ಬಸ್ಸಿನಲ್ಲಿ ಆ ವಸ್ತಿಗೆ ಹೋಗಿ, ಆಡು ಕಳೆದುಕೊಂಡವರ ಮನೆ ವಿಚಾರಿಸಿ, ಬಾಗಿಲಿಗೆ ಬಂದ ಹೆಂಗಸಿಗೆ ನಾನು ಯಾರೆಂದು ಹೇಳಿದೆ. ಅವರು ಬಹಳ ಹೊತ್ತು ಬೈದರು. ಆಮೇಲೆ ಇಬ್ಬರೂ ಸೇರಿ ಆಡಿನ ದೊಡ್ಡಿಗೆ ಮುಳ್ಳಿನ ಬೇಲಿ ಕಟ್ಟಿದೆವು.